ಕಂತಿಗೆ ಒಪ್ಪುವ ಮುನ್ನ ‘ಇಂದಿಗೆ ಎಷ್ಟು?’ ಎಂದು ಕೇಳಿ



ಡೇರಿಯಲ್ಲಿ ಹಾಲು ಹಾಕುವಾಗ ನೀವು ಲೀಟರ್ ಮಾತ್ರ ನೋಡುವುದಿಲ್ಲ. ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು ಎಂದೂ ಕೇಳುತ್ತೀರಿ. ಹಣದ ವ್ಯವಹಾರದಲ್ಲೂ ಹಾಗೆಯೇ ಎರಡು ಪ್ರಶ್ನೆ ಕೇಳಬೇಕು. ಮೊತ್ತ ಎಷ್ಟು? ಅದು ಯಾವಾಗ ಕೈಸೇರುತ್ತದೆ ಅಥವಾ ಕೈಬಿಡುತ್ತದೆ?

ಇಂದಿನ ನೂರು ರೂಪಾಯಿ ಮುಂದಿನ ವರ್ಷದ ನೂರು ರೂಪಾಯಿಗೆ ಸಮವಲ್ಲ. ನಿಮ್ಮ ಸ್ವಸಹಾಯ ಸಂಘದಲ್ಲಿ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿ ಎಂದುಕೊಳ್ಳಿ. ಇಂದು ಇಟ್ಟ 100 ರೂಪಾಯಿ ಒಂದು ತಿಂಗಳಿಗೆ 101 ಆಗುತ್ತದೆ. ಹಾಗಾದರೆ ಮುಂದಿನ ತಿಂಗಳು ಕೊಡಬೇಕಾದ ಒಂದು ರೂಪಾಯಿಯ ಇಂದಿನ ಬೆಲೆ 99 ಪೈಸೆ. ಅದರಾಚೆಯ ತಿಂಗಳದ್ದು 98 ಪೈಸೆ, 24ನೇ ತಿಂಗಳದ್ದು 79 ಪೈಸೆ. ಈ 24 ಬೆಲೆಗಳನ್ನು ಕೂಡಿಸಿದರೆ 21 ರೂಪಾಯಿ 24 ಪೈಸೆ. ಕಾಮರ್ಸ್ ಓದುವ ಮಕ್ಕಳು ಇದನ್ನೇ ವರ್ಷಾಶನದ ಪ್ರಸ್ತುತ ಮೌಲ್ಯ ಎಂದು ಕಲಿಯುತ್ತಾರೆ.

ಎಮ್ಮೆಯ ಕಂತು

ಸಂತೆಯಲ್ಲಿ ಒಂದು ಎಮ್ಮೆ ನಿಮಗೆ ಒಪ್ಪಿಗೆಯಾಗಿದೆ ಎಂದುಕೊಳ್ಳಿ. ನಗದು ಬೆಲೆ 80,000 ರೂಪಾಯಿ. ವ್ಯಾಪಾರಿ ಹೇಳುತ್ತಾನೆ: ‘ಕಂತಿನಲ್ಲೂ ಕೊಡುವೆ ಅಕ್ಕ, ವರ್ಷಕ್ಕೆ ನೂರಕ್ಕೆ ಹತ್ತೇ ಬಡ್ಡಿ. ಎರಡು ವರ್ಷಕ್ಕೆ 16,000. ಒಟ್ಟು 96,000. ತಿಂಗಳಿಗೆ 4,000ದಂತೆ 24 ಕಂತು.’

ಹತ್ತು ರೂಪಾಯಿ ಬಡ್ಡಿ ಅಗ್ಗ ಎನಿಸುತ್ತದೆ. ಆದರೆ ನೀವು ಪ್ರತಿ ತಿಂಗಳೂ ಅಸಲು ತೀರಿಸುತ್ತಾ ಬಂದರೂ ಬಡ್ಡಿ ಮಾತ್ರ ಕೊನೆಯ ತಿಂಗಳವರೆಗೆ ಪೂರ್ತಿ 80,000ದ ಮೇಲೆಯೇ ಬಿದ್ದಿದೆ. ಸರಿಯಾಗಿ ಲೆಕ್ಕ ಹಾಕಿದರೆ ಇದು ತಿಂಗಳಿಗೆ ನೂರಕ್ಕೆ ಒಂದೂವರೆ ರೂಪಾಯಿ, ಅಂದರೆ ವರ್ಷಕ್ಕೆ ಸುಮಾರು ಹದಿನೆಂಟು.

ಇದನ್ನು ನೀವೇ ಪರೀಕ್ಷಿಸಬಹುದು. ತಿಂಗಳ ಕಂತನ್ನು ಈ ಕೆಳಗಿನ ಅಂಕಿಯಿಂದ ಗುಣಿಸಿ:

ತಿಂಗಳಿಗೆ ನೂರಕ್ಕೆ 1 ರೂ. ಬಡ್ಡಿಯಾದರೆ: 12 ಕಂತಿಗೆ 11.26, 24 ಕಂತಿಗೆ 21.24, 36 ಕಂತಿಗೆ 30.11
ತಿಂಗಳಿಗೆ ನೂರಕ್ಕೆ 2 ರೂ. ಬಡ್ಡಿಯಾದರೆ: 12 ಕಂತಿಗೆ 10.58, 24 ಕಂತಿಗೆ 18.91, 36 ಕಂತಿಗೆ 25.49

ನಿಮಗೆ ಬೇರೆಡೆ ಸಾಲ ಯಾವ ಬಡ್ಡಿಗೆ ಸಿಗುತ್ತದೋ ಆ ಸಾಲನ್ನು ಹಿಡಿಯಿರಿ. ಸಂಘದಲ್ಲಿ ನೂರಕ್ಕೆ ಒಂದು ರೂಪಾಯಿಗೆ ಸಿಗುವುದಾದರೆ 4,000 × 21.24 = 84,960. ಎಮ್ಮೆಯ ನಗದು ಬೆಲೆ 80,000 ಮಾತ್ರ. ಆದ್ದರಿಂದ ಸಂಘದ ಸಾಲ ತಂದು ನಗದು ಕೊಡುವುದೇ ಲಾಭ; ಆಗ ಕಂತು ತಿಂಗಳಿಗೆ ಸುಮಾರು 3,766 ರೂಪಾಯಿ. ಉಳಿಯುವ 234 ರೂಪಾಯಿ ಹಿಂಡಿಗಾಯಿತು. ಆದರೆ ನೂರಕ್ಕೆ ಎರಡು ರೂಪಾಯಿಯ ಕೈಸಾಲ ಬಿಟ್ಟು ಬೇರೆ ದಾರಿ ಇಲ್ಲದಿದ್ದರೆ 4,000 × 18.91 = 75,640. ಆಗ ವ್ಯಾಪಾರಿಯ ಕಂತೇ ಮೇಲು. ಒಂದೇ ಕಂತು ಒಬ್ಬಳಿಗೆ ನಷ್ಟ, ಇನ್ನೊಬ್ಬಳಿಗೆ ಲಾಭ ಆಗುವುದು ಹೀಗೆ.

ತವರಿನ ಪಾಲು

ಕೆಲವು ಆದಾಯಕ್ಕೆ ಕೊನೆಯ ಕಂತು ಎಂಬುದಿಲ್ಲ. ಗುಡಿಯ ಶಾಶ್ವತ ಪೂಜೆಗೆ ಒಮ್ಮೆ ಹಣ ಕಟ್ಟಿದರೆ ಅದರ ಬಡ್ಡಿಯಲ್ಲೇ ಪ್ರತಿ ವರ್ಷ ಪೂಜೆ ನಡೆಯುತ್ತದೆ, ಅಸಲು ಕರಗುವುದಿಲ್ಲ. ಹೊಲದ ಗುತ್ತಿಗೆ ಹಣವೂ ಇಂಥದ್ದೇ.

ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹರಿಯುವ ಸುರಪುರ, ಶಹಾಪುರ ಭಾಗದಲ್ಲಿ ನಿಮ್ಮ ತವರಿನ ಹೊಲವಿದೆ, ನಿಮ್ಮ ಪಾಲಿಗೆ ವರ್ಷಕ್ಕೆ 20,000 ರೂಪಾಯಿ ಗುತ್ತಿಗೆ ಬರುತ್ತದೆ ಎಂದುಕೊಳ್ಳಿ. ಅಣ್ಣತಮ್ಮಂದಿರು ‘ಒಂದು ಲಕ್ಷ ಕೊಡುತ್ತೇವೆ, ಹಕ್ಕು ಬಿಟ್ಟ ಪತ್ರಕ್ಕೆ ಸಹಿ ಹಾಕು’ ಎನ್ನುತ್ತಾರೆ. ಒಂದು ಲಕ್ಷ ಒಟ್ಟಿಗೆ ಕಂಡಾಗ ದೊಡ್ಡದಾಗಿಯೇ ಕಾಣುತ್ತದೆ.

ಲೆಕ್ಕ ಸುಲಭ. ವರ್ಷದ ಆದಾಯವನ್ನು ಬಡ್ಡಿ ದರದಿಂದ ಭಾಗಿಸಿ ನೂರರಿಂದ ಗುಣಿಸಿ. ವರ್ಷಕ್ಕೆ ಶೇಕಡಾ 8 ಹಿಡಿದರೆ 20,000 ÷ 8 × 100 = 2,50,000. ಅಂದರೆ ಎರಡೂವರೆ ಲಕ್ಷ ಠೇವಣಿ ಇಟ್ಟರೆ ಮಾತ್ರ ವರ್ಷಕ್ಕೆ 20,000 ಬಡ್ಡಿ ಬಂದೀತು. ‘ಎಂದೆಂದಿಗೂ ಬರುವ ಹಣಕ್ಕೆ ಇಷ್ಟೇ ಬೆಲೆಯೇ?’ ಎಂದು ನೀವು ಕೇಳಬಹುದು. ದೂರದ ವರ್ಷಗಳ ಹಣಕ್ಕೆ ಇಂದು ಬೆಲೆ ತೀರಾ ಕಡಿಮೆ. 50ನೇ ವರ್ಷದ 20,000 ಇಂದಿಗೆ ಸುಮಾರು 426 ರೂಪಾಯಿ ಅಷ್ಟೇ.

ಈ ಎರಡೂವರೆ ಲಕ್ಷವೂ ಕನಿಷ್ಠ ಲೆಕ್ಕ. ಗುತ್ತಿಗೆ ದರ ಏರಿದರೆ ಬೆಲೆ ಇನ್ನೂ ಹೆಚ್ಚು. ಹೊಲದ ಮಾರುಕಟ್ಟೆ ದರವನ್ನು ಬೇರೆಯಾಗಿಯೇ ವಿಚಾರಿಸಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯಂತೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕಿದೆ. ಪಾಲು ಬಿಡುವುದು, ಬಿಡದಿರುವುದು ನಿಮ್ಮ ಇಷ್ಟ. ತವರಿನ ಪ್ರೀತಿಗಾಗಿ ಬಿಟ್ಟರೂ ಎಷ್ಟು ಬಿಡುತ್ತಿದ್ದೇವೆ ಎಂದು ತಿಳಿದು ಬಿಡಿ.

ಮೇಲಿನ ಎರಡು ಸಾಲಿನ ಅಂಕಿಗಳನ್ನು ಹಾಲಿನ ಪಾಸ್‌ಬುಕ್ಕಿನ ಹಿಂಬದಿಗೆ ಬರೆದಿಟ್ಟುಕೊಳ್ಳಿ. ಗುಣಾಕಾರಕ್ಕೆ ಮಗಳ ಮೊಬೈಲ್ ಸಾಕು. ಹೆಬ್ಬೆಟ್ಟು ಒತ್ತುವ ಮುನ್ನ, ಸಹಿ ಹಾಕುವ ಮುನ್ನ ಒಂದು ದಿನ ಸಮಯ ಕೇಳಿ. ಒಂದು ದಿನವನ್ನೂ ಕೊಡದವರ ವ್ಯವಹಾರವನ್ನು ಇನ್ನೊಮ್ಮೆ ಯೋಚಿಸಿ.