ಒಂದೇ ಪರದೆ, ಹಲವು ಕುಂಚ

ಲಿನಕ್ಸ್ ಕಂಪ್ಯೂಟರಿನಲ್ಲಿ ಡಾರ್ಕ್ ಮೋಡ್ ಆರಿಸಿದ ಕೂಡಲೇ ಕಡತಗಳ ವಿಂಡೋ ಕಪ್ಪಾಗುತ್ತದೆ, ಸೆಟ್ಟಿಂಗ್ಸ್ ಕಪ್ಪಾಗುತ್ತದೆ. ಪಕ್ಕದಲ್ಲೇ ತೆರೆದಿರುವ ಇನ್ನೊಂದು ತಂತ್ರಾಂಶ ಮಾತ್ರ ಬೆಳ್ಳಗೆ ಕಣ್ಣಿಗೆ ರಾಚುತ್ತಿರುತ್ತದೆ. ಮತ್ತೊಂದರಲ್ಲಿ ಹಿನ್ನೆಲೆ ಕಪ್ಪಾದರೂ ಅಕ್ಷರಗಳು ಮೊದಲಿನ ಕಪ್ಪಿನಲ್ಲೇ ಉಳಿದು ಏನೂ ಓದಲಾಗುವುದಿಲ್ಲ. ಪರದೆ ಒಂದೇ, ಆಯ್ಕೆಯೂ ಒಂದೇ. ಆದರೂ ಹೀಗೇಕೆ?

ಬಟನ್, ಮೆನು, ಸ್ಕ್ರಾಲ್‌ಬಾರ್‌ಗಳನ್ನೆಲ್ಲ ಆಪರೇಟಿಂಗ್ ಸಿಸ್ಟಮ್ಮೇ ಬಿಡಿಸುತ್ತದೆ ಎಂದು ನಾವು ಅಂದುಕೊಂಡಿರುತ್ತೇವೆ. ಲಿನಕ್ಸಿನಲ್ಲಿ ಹಾಗಿಲ್ಲ. 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ ಎಕ್ಸ್ ವಿಂಡೋ ವ್ಯವಸ್ಥೆ ಪರದೆಯಲ್ಲಿ ಜಾಗ ಕೊಡುತ್ತಿತ್ತು, ಗೆರೆ ಎಳೆಯುತ್ತಿತ್ತು, ಮೌಸ್ ಮತ್ತು ಕೀಲಿಮಣೆಯ ಸುದ್ದಿಯನ್ನು ತಂತ್ರಾಂಶಕ್ಕೆ ಮುಟ್ಟಿಸುತ್ತಿತ್ತು. ಬಟನ್ ಹೇಗೆ ಕಾಣಬೇಕೆಂಬುದು ತನ್ನ ಕೆಲಸವಲ್ಲ ಎಂಬುದೇ ಅದರ ನಿಲುವು. ಆ ಹೊಣೆ ಟೂಲ್‌ಕಿಟ್‌ಗಳ ಪಾಲಿಗೆ ಬಂತು. ತಂತ್ರಾಂಶ ಬರೆಯುವವರು ತಮಗೊಪ್ಪುವ ಟೂಲ್‌ಕಿಟ್ ಆರಿಸಿಕೊಳ್ಳುತ್ತಾರೆ. ಅದು ತನ್ನದೇ ಕುಂಚದಿಂದ ಬಟನ್ ಬಿಡಿಸುತ್ತದೆ.

ಇಂದು ಹೆಚ್ಚು ಬಳಕೆಯಲ್ಲಿರುವ ಕುಂಚಗಳು ಎರಡು. ನಾರ್ವೆಯ ಟ್ರೋಲ್‌ಟೆಕ್ ಕಂಪನಿಯಿಂದ ಬಂದದ್ದು ಕ್ಯೂಟಿ. ಬರ್ಕಲಿಯಲ್ಲಿ ಓದುತ್ತಿದ್ದ ಪೀಟರ್ ಮ್ಯಾಟಿಸ್ ಮತ್ತು ಸ್ಪೆನ್ಸರ್ ಕಿಂಬಲ್ ತಮ್ಮ ಚಿತ್ರ ಸಂಪಾದನಾ ತಂತ್ರಾಂಶ ಗಿಂಪ್‌ಗಾಗಿ ಕಟ್ಟಿಕೊಂಡದ್ದು ಜಿಟಿಕೆ. ಲಿನಕ್ಸಿನ ತಂತ್ರಾಂಶಗಳು ಒಂದೊಂದೂ ಒಂದೊಂದು ಥರ ಕಾಣುತ್ತವೆ, ಒಂದೊಂದು ಥರ ನಡೆದುಕೊಳ್ಳುತ್ತವೆ ಎಂಬುದೇ 1996ರಲ್ಲಿ ಜರ್ಮನಿಯ ವಿದ್ಯಾರ್ಥಿ ಮಥಿಯಾಸ್ ಎಟ್ರಿಚ್ ಅವರ ದೂರು. ಅದನ್ನು ಸರಿಪಡಿಸಲು ಅವರು ಕ್ಯೂಟಿಯ ಮೇಲೆ ಕೆಡಿಇ ಎಂಬ ಡೆಸ್ಕ್‌ಟಾಪ್ ಯೋಜನೆ ಆರಂಭಿಸಿದರು. ಕ್ಯೂಟಿಯ ಆಗಿನ ಪರವಾನಗಿ ಮುಕ್ತ ತಂತ್ರಾಂಶದ ತತ್ವಕ್ಕೆ ಹೊಂದದ ಕಾರಣ 1997ರಲ್ಲಿ ಜಿಟಿಕೆ ಆಧರಿಸಿದ ಗ್ನೋಮ್ ಎಂಬ ಇನ್ನೊಂದು ಡೆಸ್ಕ್‌ಟಾಪ್ ಶುರುವಾಯಿತು. ಏಕರೂಪತೆ ತರಲು ಹೊರಟ ದಾರಿ ಹೀಗೆ ಎರಡಾಗಿ ಕವಲೊಡೆಯಿತು.

ಎರಡನ್ನೂ ಒಂದೇ ಥರ ಕಾಣಿಸುವ ಯತ್ನಗಳು ಬೇಗನೇ ಆರಂಭವಾದವು. 2002ರ ರೆಡ್ ಹ್ಯಾಟ್ ಲಿನಕ್ಸ್ 8.0ರಲ್ಲಿ ಬಂದ ಬ್ಲೂಕರ್ವ್ ಎಂಬ ಥೀಮ್ ಗ್ನೋಮ್ ಮತ್ತು ಕೆಡಿಇ ಎರಡಕ್ಕೂ ಒಂದೇ ಉಡುಗೆ ತೊಡಿಸಿತು. ಆದರೆ ಅದರ ಹಿಂದೆ ದುಪ್ಪಟ್ಟು ದುಡಿಮೆ ಇತ್ತು. ಅದೇ ಬಟನ್ನಿನ ಅದೇ ಅಂಚು, ಅದೇ ನೆರಳನ್ನು ಎರಡು ಟೂಲ್‌ಕಿಟ್‌ಗಳಿಗೆ ಬೇರೆ ಬೇರೆಯಾಗಿ ಬರೆಯಬೇಕು. ಒಂದರ ಒಳರಚನೆ ಬದಲಾದರೆ ಮತ್ತೆ ತಿದ್ದಬೇಕು. 2011ರ ಜಿಟಿಕೆ 3ರೊಂದಿಗೆ ವೆಬ್ ಪುಟಗಳಲ್ಲಿ ಬಳಸುವ ಸಿಎಸ್ಎಸ್ ಮಾದರಿಯ ಬರವಣಿಗೆ ಥೀಮುಗಳಿಗೂ ಬಂತು. ಥೀಮ್ ಬರೆಯುವುದು ಸುಲಭವಾಯಿತು, ತಂತ್ರಾಂಶವನ್ನು ಕೆಡಿಸುವುದೂ ಅಷ್ಟೇ ಸುಲಭವಾಯಿತು. ತಮ್ಮ ತಂತ್ರಾಂಶಗಳ ಮೇಲೆ ಪರೀಕ್ಷಿಸದ ಥೀಮ್ ಹೇರಬೇಡಿ ಎಂದು 2019ರಲ್ಲಿ ಗ್ನೋಮ್ ವಲಯದ ಹಲವು ಅಭಿವರ್ಧಕರು ಬಹಿರಂಗ ಪತ್ರವನ್ನೇ ಬರೆದರು.

ಕೆಡುವುದು ಹೇಗೆಂದು ಹತ್ತಿರದಿಂದ ನೋಡೋಣ. ಕ್ಯೂಟಿಯಲ್ಲಿ ಬಣ್ಣಗಳಿಗೆ ಪಾತ್ರಗಳಿವೆ: ವಿಂಡೋದ ಹಿನ್ನೆಲೆ, ಅದರ ಮೇಲಿನ ಅಕ್ಷರ, ಆಯ್ದ ಸಾಲಿನ ಹಿನ್ನೆಲೆ, ಅದರ ಮೇಲಿನ ಅಕ್ಷರ. ಇವೆಲ್ಲ ಜೋಡಿಗಳು. ತಂತ್ರಾಂಶ ಬರೆದವರು ಹಿನ್ನೆಲೆಯನ್ನು ಥೀಮಿಗೆ ಬಿಟ್ಟು, ಅಕ್ಷರಕ್ಕೆ ಮಾತ್ರ ಕಪ್ಪು ಎಂದು ತಾವೇ ಬರೆದುಬಿಟ್ಟರೆ ಜೋಡಿ ಮುರಿಯುತ್ತದೆ. ಬಿಳಿಯ ಮೇಲೆ ಕಪ್ಪು ಅಕ್ಷರದ ಕಾಂತಿಭೇದ 21:1. ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5:1 ಇರಬೇಕೆಂದು ವೆಬ್ ಸುಗಮ್ಯತೆಯ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಅದೇ ಸೂತ್ರದಿಂದ ಲೆಕ್ಕ ಹಾಕಿದರೆ, ಕೆಂಪು, ಹಸಿರು, ನೀಲಿ ಮೂರೂ 255ಕ್ಕೆ 30ರಷ್ಟಿರುವ ಗಾಢ ಹಿನ್ನೆಲೆಯ ಮೇಲೆ ಕಪ್ಪು ಅಕ್ಷರಕ್ಕೆ ಸಿಗುವುದು ಸುಮಾರು 1.3:1. ಅಂದರೆ ಅಕ್ಷರ ಇದ್ದೂ ಇಲ್ಲದಂತೆ. ದೃಷ್ಟಿ ಮಂದವಾಗಿರುವವರಿಗೆ, ಬೆಳಕು ಸಹಿಸಲಾಗದವರಿಗೆ ಇದು ಅಂದಚೆಂದದ ಪ್ರಶ್ನೆಯಲ್ಲ. ತಂತ್ರಾಂಶ ಬಳಸಬಲ್ಲೆವೋ ಇಲ್ಲವೋ ಎಂಬ ಪ್ರಶ್ನೆ.

ಕನ್ನಡಕ್ಕೆ ಇನ್ನೊಂದು ತೊಡಕಿದೆ. ಇಂಗ್ಲಿಷ್ ಅಕ್ಷರವನ್ನಷ್ಟೇ ಕಣ್ಣ ಮುಂದಿಟ್ಟುಕೊಂಡು ಬಟನ್ನಿನ ಎತ್ತರವನ್ನು ಗಟ್ಟಿಯಾಗಿ ನಿಗದಿ ಮಾಡಿದರೆ ‘ರಾಷ್ಟ್ರ’ದಂಥ ಪದದ ಒತ್ತಕ್ಷರಗಳು ಕೆಳಗೆ ಕತ್ತರಿಸಿಹೋಗುತ್ತವೆ. ಒತ್ತಕ್ಷರ ಎಲ್ಲಿ ಕೂರಬೇಕೆಂಬ ಲೆಕ್ಕಾಚಾರಕ್ಕೆ ಜಿಟಿಕೆ ಮತ್ತು ಕ್ಯೂಟಿ ಎರಡೂ ಹಾರ್ಫ್‌ಬಜ್ ಎಂಬ ಒಂದೇ ತಂತ್ರಾಂಶವನ್ನು ನೆಚ್ಚಿಕೊಂಡಿವೆ. ಹಾಗಾಗಿ ಒಂದೇ ಫಾಂಟ್ ಇದ್ದರೆ ಎರಡರಲ್ಲೂ ಕನ್ನಡ ಒಂದೇ ರೀತಿ ಮೂಡಬಲ್ಲದು. ಅದಕ್ಕೆ ಜಾಗ ಬಿಡಬೇಕಾದವರು ಥೀಮ್ ಬರೆಯುವವರು.

ಈಚಿನ ಪರಿಹಾರ ಬೇರೆ ದಾರಿ ಹಿಡಿದಿದೆ. ಡೆಸ್ಕ್‌ಟಾಪ್ ಪೋರ್ಟಲ್ ಎಂಬ ಸೇವೆ ತಂತ್ರಾಂಶಗಳಿಗೆ ಬಟನ್ನಿನ ಚಿತ್ರವನ್ನು ಕೊಡುವುದಿಲ್ಲ, ಬಳಕೆದಾರರ ಇಷ್ಟವನ್ನಷ್ಟೇ ತಿಳಿಸುತ್ತದೆ. ಬಣ್ಣದ ವಿಷಯದಲ್ಲಿ ಅದು ಹೇಳುವುದು ಒಂದೇ ಅಂಕಿ: 0 ಎಂದರೆ ಯಾವುದಾದರೂ ಸರಿ, 1 ಎಂದರೆ ಗಾಢ ಇರಲಿ, 2 ಎಂದರೆ ತಿಳಿಯಾಗಿರಲಿ. ಎದ್ದು ಕಾಣಬೇಕಾದ ಬಣ್ಣ ಯಾವುದೆಂದು ಹೇಳಲು ಮೂರು ಸಂಖ್ಯೆಗಳು. ಬೇರೆ ಬೇರೆ ಬಾಣಸಿಗರಿಗೆ ‘ಉಪ್ಪು ಕಡಿಮೆ ಇರಲಿ’ ಎಂದು ಹೇಳಿದ ಹಾಗೆ. ಅಡುಗೆ ಅವರವರದೇ, ಪಥ್ಯ ಮಾತ್ರ ಎಲ್ಲರೂ ಪಾಲಿಸುತ್ತಾರೆ. ಫ್ಲ್ಯಾಟ್‌ಪ್ಯಾಕ್ ರೂಪದಲ್ಲಿ ಬರುವ ತಂತ್ರಾಂಶಗಳು ಸುರಕ್ಷತೆಗಾಗಿ ಬೇಲಿಯೊಳಗೆ ನಡೆಯುತ್ತವೆ, ಕಂಪ್ಯೂಟರಿನ ಥೀಮ್ ಕಡತಗಳು ಸಾಮಾನ್ಯವಾಗಿ ಅವುಗಳ ಕೈಗೆಟುಕುವುದಿಲ್ಲ. ಪೋರ್ಟಲನ್ನು ಮಾತ್ರ ಅವೂ ಕೇಳಬಹುದು.

ಮೂರು ದಶಕಗಳ ಈ ಪ್ರಯತ್ನದ ಪಾಠ ಸ್ಪಷ್ಟವಾಗಿದೆ. ಎಲ್ಲ ಬಟನ್‌ಗಳ ಅಂಚೂ ಒಂದೇ ರೀತಿ ದುಂಡಗಿರಬೇಕಾಗಿಲ್ಲ. ಕಣ್ಣಿಗೆ ಏನು ಹಿತ ಎಂದು ಬಳಕೆದಾರರು ಒಮ್ಮೆ ಹೇಳಿದರೆ ಸಾಕಾಗಬೇಕು, ಅದನ್ನು ಎಲ್ಲ ತಂತ್ರಾಂಶಗಳೂ ಕೇಳಬೇಕು. ತಂತ್ರಾಂಶ ಬರೆಯುವ ನಮ್ಮ ಯುವಕ ಯುವತಿಯರು ಮೂರು ಶಿಸ್ತುಗಳನ್ನು ರೂಢಿಸಿಕೊಂಡರೆ ಅದಕ್ಕೆ ದಾರಿಯಾಗುತ್ತದೆ: ಬಣ್ಣವನ್ನು ಹೆಸರಿನಿಂದಲ್ಲ, ಪಾತ್ರದಿಂದ ಕರೆಯಿರಿ; ಹಿನ್ನೆಲೆ ಮತ್ತು ಅಕ್ಷರದ ಬಣ್ಣಗಳನ್ನು ಜೋಡಿಯಾಗಿಯೇ ಆರಿಸಿ; ಬಿಡುಗಡೆಗೆ ಮೊದಲು ಡಾರ್ಕ್ ಮೋಡಿನಲ್ಲಿ, ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ ಒಮ್ಮೆ ತೆರೆದು ನೋಡಿ.