ಒಗೆಯುವ ಯಂತ್ರಕ್ಕೆ ಅವಸರ ಕಲಿಸಬಹುದೆ?

ನಾಲ್ಕು ಅಂಗಿ, ಎರಡು ಷರಾಯಿ, ಮಕ್ಕಳ ಶಾಲೆಯ ಸಮವಸ್ತ್ರ, ಒಂದೆರಡು ಟವಲು. ಇಷ್ಟನ್ನು ಒಳಗೆ ತುಂಬಿ, ಸೋಪಿನ ಪುಡಿ ಹಾಕಿ, ಬಾಗಿಲು ಮುಚ್ಚಿ ಗುಂಡಿಯನ್ನು ಒತ್ತಿದೊಡನೆ ಯಂತ್ರದ ಮುಖದ ಮೇಲೆ ಅಂಕೆಗಳು ಬೆಳಗುತ್ತವೆ: 2 ಗಂಟೆ 48 ನಿಮಿಷ! ಕಲ್ಲಿನ ಮೇಲೆ ಕೈಯಲ್ಲಿಯೆ ಒಗೆದಿದ್ದರೆ ಮುಕ್ಕಾಲು ಗಂಟೆಯೊಳಗೆ ಹಗ್ಗ ಸೇರುತ್ತಿದ್ದ ಬಟ್ಟೆಗಳಿವು. ಒಂಬತ್ತು ಗಂಟೆಗೆ ಬಸ್ಸು ಹಿಡಿಯಬೇಕಾದ ಮನೆಯಾಕೆ ಆ ಅಂಕೆಗಳನ್ನೊಮ್ಮೆ, ಗೋಡೆಯ ಗಡಿಯಾರವನ್ನೊಮ್ಮೆ ನೋಡಿ ನಿಟ್ಟುಸಿರಿಡುತ್ತಾಳೆ. ಅಷ್ಟರೊಳಗೆ ನಲ್ಲಿಯ ನೀರು ನಿಲ್ಲಬಹುದು, ವಿದ್ಯುತ್ತು ಹೋಗಬಹುದು. ಎರಡೂ ಆಗದಿದ್ದರೂ ಒಗೆತ ಮುಗಿದ ಬಟ್ಟೆ ಸಂಜೆಯವರೆಗೆ ಒಳಗೇ ಮುದುಡಿ ಬಿದ್ದು ಮುಗ್ಗಲು ವಾಸನೆ ಹಿಡಿದರೆ ಅದನ್ನು ಮತ್ತೊಮ್ಮೆ ಒಗೆಯದೆ ಗತ್ಯಂತರವಿಲ್ಲ.

ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ದೊಡ್ಡ ಯಂತ್ರ ಇಷ್ಟು ಹೊತ್ತು ತೆಗೆದುಕೊಳ್ಳುವುದೇಕೆ? ಪ್ರಶ್ನೆ ನ್ಯಾಯವಾದದ್ದೆ. ಯಂತ್ರ ಸೋಮಾರಿಯಲ್ಲ; ಅದರ ನಿಧಾನಕ್ಕೆ ಕಾರಣವುಂಟು. ಆ ಕಾರಣವನ್ನು ತಿಳಿದವರು ಎಲ್ಲಿ ಅವಸರಪಡಿಸಬಹುದು, ಎಲ್ಲಿ ಕೂಡದು ಎಂಬುದನ್ನು ತಾವೇ ನಿರ್ಧರಿಸಬಲ್ಲರು.

ಬಟ್ಟೆಯಿಂದ ಕೊಳೆಯನ್ನು ಬಿಡಿಸಲು ನಾಲ್ಕು ಸಂಗತಿಗಳು ಕೂಡಿ ದುಡಿಯಬೇಕು: ಸಾಬೂನಿನಂಥ ರಸಾಯನ, ಕುಕ್ಕುವ ಅಥವಾ ಉಜ್ಜುವ ಬಲ, ನೀರಿನ ಶಾಖ ಮತ್ತು ಕಾಲ. ಜರ್ಮನಿಯ ಹೆಂಕೆಲ್ ಕಂಪೆನಿಯಲ್ಲಿದ್ದ ಹರ್ಬರ್ಟ್ ಸಿನ್ನರ್ ಎಂಬ ರಸಾಯನ ತಜ್ಞರು 1950ರ ದಶಕದ ಕೊನೆಯಲ್ಲಿ ಈ ನಾಲ್ಕನ್ನೂ ಒಂದು ವೃತ್ತದ ನಾಲ್ಕು ಭಾಗಗಳಾಗಿ ಬರೆದು ತೋರಿಸಿದರು. ಒಂದು ಭಾಗವನ್ನು ಕಿರಿದು ಮಾಡಿದರೆ ಉಳಿದವುಗಳಲ್ಲಿ ಒಂದಾದರೂ ಹಿಗ್ಗಿ ಆ ಕೊರತೆಯನ್ನು ತುಂಬಬೇಕು. ಇಲ್ಲವಾದರೆ ವೃತ್ತ ಪೂರ್ಣವಾಗದು, ಬಟ್ಟೆಯೂ ಹಸನಾಗದು. ಸಿನ್ನರ್ ವೃತ್ತವೆಂದು ಇಂದಿಗೂ ಅದಕ್ಕೆ ಹೆಸರು.

ನಮ್ಮ ಮಡಿವಾಳರು ಈ ಶಾಸ್ತ್ರವನ್ನು ಹೆಸರಿಡದೆಯೆ ಬಲ್ಲವರಾಗಿದ್ದರು. ಚೌಳು ಮಣ್ಣಿನಲ್ಲಿ ಅದ್ದಿದ ಬಟ್ಟೆಯನ್ನು ಉಬ್ಬೆಗೆ ಹಾಕಿ ಹಬೆಯಲ್ಲಿ ಬೇಯಿಸಿ, ಹೊಳೆಯ ಕಲ್ಲಿನ ಮೇಲೆ ಬಡಿದು ತೆಗೆಯುತ್ತಿದ್ದುದರಲ್ಲಿ ರಸಾಯನವೂ ಇತ್ತು, ಶಾಖವೂ ಇತ್ತು, ಬಲವಂತೂ ಧಾರಾಳವಾಗಿಯೆ ಇತ್ತು. ಅಂಗಿಯ ಗುಂಡಿಗಳು ಮಾತ್ರ ಮನೆಗೆ ಮರಳುತ್ತಿರಲಿಲ್ಲ, ಅಷ್ಟೆ. ಯಂತ್ರಕ್ಕೆ ಆ ತೋಳಬಲವಿಲ್ಲ. ಮುಂದಿನಿಂದ ಬಾಗಿಲು ತೆರೆಯುವ ಯಂತ್ರದಲ್ಲಿ ಬಟ್ಟೆ ಪೀಪಾಯಿಯೊಡನೆ ಮೇಲೇರಿ ತನ್ನ ಭಾರದಿಂದಲೆ ನೀರಿಗೆ ಬೀಳುತ್ತದೆ. ಒಂದೊಂದು ಬೀಳೂ ಕಲ್ಲಿನ ಏಟಿನ ಮುಂದೆ ಮೆಲ್ಲಗೆ ತಟ್ಟಿದಂತೆ. ಆದ್ದರಿಂದ ಅದು ಕಾಲವನ್ನು ಬೇಡುತ್ತದೆ.

ಈ ಬೇಡಿಕೆ ಇತ್ತೀಚೆಗೆ ಇನ್ನೂ ಹೆಚ್ಚಿದುದಕ್ಕೆ ಯೂರೋಪಿನ ಕಾನೂನೂ ಒಂದು ಕಾರಣ. ಒಗೆಯುವ ಯಂತ್ರ ಬಿಸಿನೀರಿನಲ್ಲಿ ದುಡಿಯುವಾಗ ಉರಿಸುವ ವಿದ್ಯುತ್ತಿನ ಬಹುಪಾಲು ಪೀಪಾಯಿಯನ್ನು ತಿರುಗಿಸಲಿಕ್ಕಲ್ಲ, ನೀರನ್ನು ಕಾಯಿಸಲಿಕ್ಕೆ. ವಿದ್ಯುತ್ತನ್ನು ಉಳಿಸಬೇಕೆಂದರೆ ಶಾಖವನ್ನು ತಗ್ಗಿಸಬೇಕು. ಶಾಖ ತಗ್ಗಿದರೆ ಕಾಲ ಹಿಗ್ಗಬೇಕು. 2021ರ ಮಾರ್ಚ್ 1ರಿಂದ ಯೂರೋಪಿನ ಒಕ್ಕೂಟದಲ್ಲಿ ಜಾರಿಗೆ ಬಂದ ಹೊಸ ನಿಯಮದಂತೆ, 40 ಮತ್ತು 60 ಡಿಗ್ರಿಯಲ್ಲಿ ಒಗೆಯತಕ್ಕ ಹತ್ತಿ ಬಟ್ಟೆಗಳನ್ನು ಒಟ್ಟಿಗೇ ಒಗೆಯುವ ಒಂದು ಮಿತವ್ಯಯದ ಕ್ರಮ ಪ್ರತಿಯೊಂದು ಯಂತ್ರದಲ್ಲಿಯೂ ಇರಬೇಕು. ಅಂಗಡಿಯಲ್ಲಿ ಅಂಟಿಸುವ ಗುಣದರ್ಜೆಯ ಚೀಟಿಯನ್ನು ಅಳೆಯುವುದು ಆ ಕ್ರಮದಿಂದಲೆ. ದೊಡ್ಡ ಯಂತ್ರದಲ್ಲಿ ಅದು ಮೂರು ಗಂಟೆ ಮೀರುವುದುಂಟು. ನಮ್ಮ ಅಂಗಡಿಗಳಲ್ಲಿ ಮಾರುವ, ಮುಂದೆ ಬಾಗಿಲುಳ್ಳ ಅನೇಕ ಯಂತ್ರಗಳ ಹಿಂದಿರುವುದೂ ಇದೇ ವಿಚಾರಸರಣಿ.

ಆದರೆ ಜರ್ಮನಿಯ ಚಳಿಗಾಲದ ನಲ್ಲಿನೀರು ಬೇರೆ, ಬೆಂಗಳೂರಿನ ಮಾಳಿಗೆಯ ತೊಟ್ಟಿಯ ನೀರು ಬೇರೆ. ಅಲ್ಲಿ ನೀರು ಹತ್ತು ಡಿಗ್ರಿಯ ಆಸುಪಾಸಿನಲ್ಲಿ ಬಂದರೆ, ಇಲ್ಲಿ ವರ್ಷದ ಹೆಚ್ಚು ದಿನ ಇಪ್ಪತ್ತೈದರ ಹತ್ತಿರದಲ್ಲಿರುತ್ತದೆ. ಹದಿನೈದು ಲೀಟರು ನೀರನ್ನು 25 ಡಿಗ್ರಿಯಿಂದ 40ಕ್ಕೆ ಏರಿಸಲು ಬೇಕಾಗುವುದು ಸುಮಾರು ಕಾಲು ಯೂನಿಟ್ಟು ವಿದ್ಯುತ್ತು. ಎರಡು ಕಿಲೋವಾಟಿನ ಕಾಯಿಸುವ ಸುರುಳಿಗೆ ಎಂಟು ನಿಮಿಷದ ಕೆಲಸ. 60 ಡಿಗ್ರಿಯವರೆಗೆ ಹೋದರೆ ಯೂನಿಟ್ಟಿನ ಹತ್ತರಲ್ಲಿ ಆರು ಪಾಲು, ಹದಿನೆಂಟು ನಿಮಿಷ. 90ಕ್ಕೆ ಹೋದರೆ ಒಂದು ಯೂನಿಟ್ಟಿಗೂ ಹೆಚ್ಚು, ಅರ್ಧ ಗಂಟೆಗೂ ಹೆಚ್ಚು. ಬಟ್ಟೆ ಮತ್ತು ಲೋಹದ ಪೀಪಾಯಿ ಹೀರುವ ಶಾಖ ಬೇರೆ. ಬೆವರು, ಧೂಳು ಬಿಟ್ಟರೆ ಬೇರೇನೂ ಇಲ್ಲದ ಕಚೇರಿಯ ಅಂಗಿಗೆ ಈ ಉಪಚಾರವೆಲ್ಲ ಏಕೆ? ಶಾಖದ ಗುಂಡಿಯನ್ನು ತಣ್ಣೀರಿಗೊ ಮೂವತ್ತಕ್ಕೊ ಇಳಿಸಿದರೆ ಎಷ್ಟೋ ಯಂತ್ರಗಳಲ್ಲಿ ಅಂಕೆಗಳು ಕಣ್ಣೆದುರಿನಲ್ಲೆ ಇಳಿಯುತ್ತವೆ.

ಶಾಖವನ್ನೂ ಕಾಲವನ್ನೂ ಒಟ್ಟಿಗೆ ಕಡಿಮೆ ಮಾಡಿದರೆ ವೃತ್ತದ ಗತಿಯೇನು ಎಂದು ವಾಚಕರು ಕೇಳಬಹುದು. ಆ ಭಾರವನ್ನು ಹೊರುವುದು ರಸಾಯನ. 1913ರಲ್ಲಿಯೆ ಜರ್ಮನಿಯ ಒಟ್ಟೊ ರೋಮ್ ಎಂಬುವರು ಪ್ರಾಣಿಗಳ ಮೇದೋಜೀರಕ ಗ್ರಂಥಿಯ ಕಿಣ್ವವನ್ನು ಒಗೆತಕ್ಕೆ ಬಳಸುವ ವಿಧಾನಕ್ಕೆ ಹಕ್ಕು ಪಡೆದಿದ್ದರು. ಹೊಟ್ಟೆಯಲ್ಲಿ ಅನ್ನಸಾರನ್ನು ಕರಗಿಸುವ ವಸ್ತು ಅಂಗಿಯ ಮೇಲೆ ಚೆಲ್ಲಿದ ಅನ್ನಸಾರನ್ನೂ ಕರಗಿಸಬಾರದೇಕೆ? ಸೂಕ್ಷ್ಮಜೀವಿಗಳಿಂದ ತೆಗೆದ ಕಿಣ್ವಗಳು 1960ರ ದಶಕದಲ್ಲಿ ಒಗೆಯುವ ಪುಡಿಗಳಲ್ಲಿ ನೆಲೆಗೊಂಡವು. ತಂಪಾದ ನೀರಿನಲ್ಲಿಯೂ ಚುರುಕಾಗಿ ದುಡಿಯುವ ಜಾತಿಗಳು ಈಗ ಉಂಟು. 2020ರಲ್ಲಿ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದ ಸಂಶೋಧಕರು 25 ಡಿಗ್ರಿಯ ಅರ್ಧ ಗಂಟೆಯ ಒಗೆತವನ್ನು 40 ಡಿಗ್ರಿಯ 85 ನಿಮಿಷದ ಒಗೆತದೊಡನೆ ಹೋಲಿಸಿ ನೋಡಿದರು. ಚಿಕ್ಕ ಒಗೆತದಲ್ಲಿ ಬಟ್ಟೆ ಬಿಡುವ ಬಣ್ಣವೂ ಉದುರುವ ಎಳೆಗಳೂ ಗಮನಾರ್ಹವಾಗಿ ಕಡಿಮೆಯೆಂದು ಕಂಡುಬಂತು. ಬಣ್ಣದ ಸೀರೆ, ಕುಪ್ಪಸಗಳನ್ನು ಬಹುಕಾಲ ಉಡಬಯಸುವವರಿಗೆ ಇದು ಸಂತೋಷದ ಸುದ್ದಿ.

ಇಷ್ಟಾದರೂ, ಗುಂಡಿಗಳಿಂದ ಉಳಿಸಬಹುದಾದ ಕಾಲಕ್ಕಿಂತ ಗೃಹಿಣಿಗೆ ತಿಳಿಯದಂತೆ ಸೋರಿಹೋಗುವ ಕಾಲವೇ ಎಷ್ಟೋ ಮನೆಗಳಲ್ಲಿ ಹೆಚ್ಚು. ಅದರಲ್ಲಿ ಮೊದಲನೆಯದು ನೀರು ತುಂಬುವ ಹೊತ್ತು. ಅನೇಕ ಯಂತ್ರಗಳು ಕೇಳುವ ಕನಿಷ್ಠ ಒತ್ತಡವನ್ನು ಸರಳವಾಗಿ ಹೇಳುವುದಾದರೆ, ತೊಟ್ಟಿಯ ನೀರು ನಲ್ಲಿಗಿಂತ ಸುಮಾರು ಮೂರು ಮೀಟರು ಎತ್ತರದಲ್ಲಿರಬೇಕು. ಮೇಲಂತಸ್ತಿನಲ್ಲಿ, ತೊಟ್ಟಿಯ ಅಡಿಯಲ್ಲಿಯೆ ಇರುವ ಮನೆಗಳಿಗೆ ಆ ಎತ್ತರ ದೊರೆಯುವುದು ಕಷ್ಟ. ವಿಚಿತ್ರವೆಂದರೆ ನೆಲಮಾಳಿಗೆಯವರ ಯಂತ್ರ ಮೂರು ನಿಮಿಷದಲ್ಲಿ ತುಂಬಿಕೊಂಡ ನೀರಿಗೆ ತೊಟ್ಟಿಯ ನೆರೆಯವರ ಯಂತ್ರ ಹತ್ತು ನಿಮಿಷ ಬಾಯಿಬಿಟ್ಟು ಕಾದಿರುತ್ತದೆ. ಒಗೆತಕ್ಕೆ ಒಮ್ಮೆ, ಜಾಲಿಸಲು ಎರಡು ಮೂರು ಬಾರಿ ಎಂದು ಲೆಕ್ಕ ಹಾಕಿದರೆ ಅರ್ಧ ಗಂಟೆ ಹೋಯಿತು. ತೊಟ್ಟಿಯನ್ನು ಎತ್ತರಿಸುವುದು ಬಾಡಿಗೆಯವರ ಕೈಯಲ್ಲಿಲ್ಲ. ಆದರೆ ನೀರಿನ ಕೊಳವೆ ಯಂತ್ರವನ್ನು ಸೇರುವಲ್ಲಿ ಬೆರಳಿನ ಉಗುರಿನಷ್ಟು ಅಗಲದ ಒಂದು ಜಾಲರಿಯುಂಟು. ಅದರಲ್ಲಿ ಮರಳು, ಸುಣ್ಣದ ಚಕ್ಕೆ, ತೊಟ್ಟಿಯ ಕೆಸರು ಕೂತು ದಾರಿ ಮುಚ್ಚಿರುವುದೇ ಹೆಚ್ಚು. ವಿದ್ಯುತ್ತನ್ನು ಕಳಚಿ, ನಲ್ಲಿಯನ್ನು ನಿಲ್ಲಿಸಿ, ಕೊಳವೆಯನ್ನು ತಿರುಚಿ ಬಿಡಿಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಜಾಲರಿಯನ್ನು ತಿಕ್ಕಿದರೆ ಸಾಕು. ರಿಪೇರಿಯವನನ್ನು ಕರೆಸಬೇಕಾದ ಕೆಲಸವೇನಲ್ಲ.

ಎರಡನೆಯದು ನೊರೆ. ಕೈ ಒಗೆತದ ಪುಡಿಯನ್ನು ಧಾರಾಳವಾಗಿ ಸುರಿದರೆ ಬಟ್ಟೆ ಬೆಳ್ಳಗಾಗುತ್ತದೆಂಬ ನಂಬಿಕೆ ನಮ್ಮವರಲ್ಲಿ ಬಲವಾಗಿದೆ. ನೊರೆ ತುಂಬಿದ ಪೀಪಾಯಿಯಲ್ಲಿ ಬಟ್ಟೆ ಮೆತ್ತೆಯ ಮೇಲೆ ಬಿದ್ದಂತೆ ಬೀಳುತ್ತದೆ. ಏಟಿನ ಬಲವೇ ಇಲ್ಲವಾಗುತ್ತದೆ. ನೊರೆಯನ್ನು ಗುರುತಿಸಬಲ್ಲ ಯಂತ್ರ ಅದು ಇಳಿಯುವವರೆಗೆ ಸುಮ್ಮನೆ ನಿಲ್ಲುತ್ತದೆ, ಅಥವಾ ಇನ್ನೊಂದು ಸಲ ನೀರು ಹಿಡಿದು ಜಾಲಿಸುತ್ತದೆ. ಒಂದು ಚಮಚ ಪುಡಿ ಹೆಚ್ಚಾದುದಕ್ಕೆ ಹತ್ತು ಲೀಟರು ನೀರು, ಹತ್ತು ಹದಿನೈದು ನಿಮಿಷ ದಂಡ! ಗಡಸು ನೀರಿರುವ ಕೊಳವೆಬಾವಿಯ ಮನೆಗಳ ಕಷ್ಟ ಬೇರೆ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಮಿನೊಳಗಿರಬೇಕೆಂದು ಭಾರತೀಯ ಮಾನಕವಿದೆ. ಬೇರೆ ನೀರು ಸಿಗದ ಕಡೆ 600ರವರೆಗೆ ಒಪ್ಪಿಗೆ. ಅಂಥ ನೀರು ಪುಡಿಯ ಒಂದಂಶವನ್ನು ತಾನೇ ನುಂಗಿಬಿಡುವುದರಿಂದ ಅಲ್ಲಿ ಸ್ವಲ್ಪ ಹೆಚ್ಚು ಪುಡಿ ಹಾಕುವುದು ತಪ್ಪಲ್ಲ. ಆದರೆ ಅದು ಯಂತ್ರಕ್ಕೆಂದೆ ಮಾಡಿದ ಕಡಿಮೆ ನೊರೆಯ ಪುಡಿಯಾಗಿರಬೇಕು.

ಮೂರನೆಯದು ನೋಡುವವರ ತಾಳ್ಮೆಯನ್ನು ಪರೀಕ್ಷಿಸುವಂಥದು. ಇನ್ನು 9 ನಿಮಿಷವೆಂದು ತೋರಿಸಿದ ಯಂತ್ರ ಕಾಲು ಗಂಟೆಯಾದರೂ 9ರಲ್ಲಿಯೆ ನಿಂತಿರುವುದನ್ನು ಯಾರು ಕಂಡಿಲ್ಲ? ಒಂದೇ ಒಂದು ದಪ್ಪ ಹೊದಿಕೆಯನ್ನು ಒಗೆಯಲು ಹಾಕಿದಾಗ ಅದು ಒದ್ದೆಮುದ್ದೆಯಾಗಿ ಪೀಪಾಯಿಯ ಒಂದೇ ಪಕ್ಕಕ್ಕೆ ಅಂಟಿಕೊಳ್ಳುತ್ತದೆ. ಈ ಓಲುಭಾರದೊಡನೆ ನಿಮಿಷಕ್ಕೆ ಸಾವಿರ ಸುತ್ತು ತಿರುಗಿದರೆ ಯಂತ್ರ ನಿಂತಲ್ಲಿಂದ ನಡೆದೇಬಿಡುತ್ತದೆ. ಅದಕ್ಕಾಗಿ ಅದು ತಿರುಗಲು ತೊಡಗಿ, ಹೆದರಿ ನಿಂತು, ಬಟ್ಟೆಯನ್ನು ಹರಡಿ, ಮತ್ತೆ ತೊಡಗುತ್ತದೆ. ದೊಡ್ಡ ಹೊದಿಕೆಯ ಜೊತೆಗೆ ನಾಲ್ಕಾರು ಸಣ್ಣ ಬಟ್ಟೆಗಳನ್ನು ಸೇರಿಸಿದರೆ ಭಾರ ಸುತ್ತಲೂ ಹಂಚಿಹೋಗುತ್ತದೆ, ಗಡಿಯಾರವೂ ಮುಂದೆ ಸಾಗುತ್ತದೆ.

ಇನ್ನು, ಯಂತ್ರದ ಮೇಲೆಯೆ ಬರೆದಿರುವ 15 ಅಥವಾ 30 ನಿಮಿಷದ ಶೀಘ್ರ ಒಗೆತ. ಇದು ಮೋಸವೆಂದು ಕೆಲವರು ದೂರುವುದುಂಟು. ಏಳು ಕಿಲೋ ಬಟ್ಟೆ ತುಂಬಿ ಹದಿನೈದು ನಿಮಿಷದ ಗುಂಡಿ ಒತ್ತಿದವರಿಗೆ ಆ ದೂರಿನ ಹಕ್ಕಿಲ್ಲ. ಸಾಮಾನ್ಯವಾಗಿ ಅದು ಒಂದೆರಡು ಕಿಲೋಗ್ರಾಮಿಗೆ, ಎಂದರೆ ಐದಾರು ಅಂಗಿ ಮತ್ತು ಎರಡು ಷರಾಯಿಗೆ, ಅದೂ ಒಮ್ಮೆ ತೊಟ್ಟು ಬಿಟ್ಟವಕ್ಕೆ ಮೀಸಲು. ಪುಡಿಯನ್ನೂ ಆ ಪ್ರಮಾಣಕ್ಕೆ ಇಳಿಸಬೇಕು. ಇಲ್ಲದಿದ್ದರೆ ಅಷ್ಟು ಚಿಕ್ಕ ಜಾಲಿಕೆಯಲ್ಲಿ ಪುಡಿ ಹೋಗದೆ ಮೈ ತುರಿಸುತ್ತದೆ. ಕೊರಳಪಟ್ಟಿಗೆ, ತೋಳಿನ ಅಂಚಿಗೆ ಮೊದಲೆ ಸೋಪು ಉಜ್ಜಿ ಇಡುವುದು, ಹೆಚ್ಚು ಕೊಳೆಯಾದುದನ್ನು ರಾತ್ರಿಯೆ ಬಕೆಟ್ಟಿನಲ್ಲಿ ನೆನೆಹಾಕುವುದು ಅಜ್ಜಿಯರ ಕಾಲದ ಉಪಾಯಗಳು. ಸಿನ್ನರರ ಲೆಕ್ಕದಲ್ಲಿ ನೋಡಿದರೆ, ಯಂತ್ರದೊಳಗಿನ ಕಾಲವನ್ನು ತೆಗೆದು ಬಕೆಟ್ಟಿಗೆ ವರ್ಗಾಯಿಸಿದಂತಾಯಿತು. ಬಕೆಟ್ಟಿಗೆ ವಿದ್ಯುತ್ತು ಬೇಡ, ಕಾವಲೂ ಬೇಡ.

ಅವಸರ ಸಲ್ಲದ ಕಡೆಗಳೂ ಉಂಟು. ರೋಗಿಯ ಹಾಸಿಗೆಬಟ್ಟೆ, ಕೂಸಿನ ಬಟ್ಟೆ, ಅಡಿಗೆಮನೆಯ ಮಸಿಬಟ್ಟೆ, ಇವಕ್ಕೆ 60 ಡಿಗ್ರಿಯ ಪೂರ್ಣ ಒಗೆತವೇ ಸರಿ. ತಣ್ಣೀರಿನ ಚಿಕ್ಕ ಒಗೆತವನ್ನೆ ನಿತ್ಯವೂ ನಡೆಸುವ ಮನೆಗಳಲ್ಲಿ ಯಂತ್ರದ ಒಳಗೋಡೆಗೂ ಬಾಗಿಲಿನ ರಬ್ಬರಿನ ಮಡಿಕೆಗೂ ಲೋಳೆ ಹಿಡಿದು, ಒಗೆದ ಬಟ್ಟೆಯೆ ನಾರತೊಡಗುತ್ತದೆ. ತಿಂಗಳಿಗೊಮ್ಮೆ ಬಟ್ಟೆಯಿಲ್ಲದೆ ಬಿಸಿನೀರಿನಲ್ಲಿ ಯಂತ್ರವನ್ನು ಓಡಿಸಿ, ಒಗೆತವಾದ ಮೇಲೆ ಬಾಗಿಲನ್ನು ಸ್ವಲ್ಪ ತೆರೆದಿಟ್ಟರೆ ಈ ಉಪದ್ರವವಿಲ್ಲ. ಮಳೆಗಾಲದಲ್ಲಿ ಹಿಂಡುವ ಹೊತ್ತನ್ನು ಮೊಟಕು ಮಾಡುವುದಂತೂ ಜಾಣತನವಲ್ಲ. ಅಲ್ಲಿ ಉಳಿಸಿದ ಐದು ನಿಮಿಷಕ್ಕೆ ಮಲೆನಾಡಿನ ಮನೆಯ ಹಗ್ಗದ ಮೇಲೆ ಅರ್ಧ ದಿನ ಕೊಡಬೇಕಾಗುತ್ತದೆ.

ಯಂತ್ರ ಬಂದುದರಿಂದ ಹೆಂಗಸರ ಕೆಲಸ ಹಗುರವಾಯಿತೆ ಎಂಬುದೂ ವಿಚಾರ ಮಾಡತಕ್ಕ ಮಾತು. ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಸ್ ಕೋವನ್ ಎಂಬುವರು 1983ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮನೆಯ ಯಂತ್ರಗಳು ಶ್ರಮವನ್ನು ಇಳಿಸಿದರೂ ಗೃಹಿಣಿಯ ಹೊತ್ತನ್ನು ಉಳಿಸಲಿಲ್ಲವೆಂದು ವಾದಿಸಿದರು. ಹಿಂದೆ ಕೈಗೂಡಿಸುತ್ತಿದ್ದವರು ದೂರವಾದರು. ಶುಚಿತ್ವದ ಅಳತೆಯೂ ಏರಿತು. ವಾರಕ್ಕೊಮ್ಮೆ ಒಗೆಯುತ್ತಿದ್ದುದನ್ನು ದಿನವೂ ಒಗೆಯುವಂತಾಯಿತು. ಒಂದು ಗಂಟೆ ಮಾತ್ರ ಹೆಗಲ ಮೇಲಿದ್ದ ಟವಲು ಒಗೆತದ ಬುಟ್ಟಿಗೆ ಬೀಳುವ ಮನೆಗಳು ನಮ್ಮಲ್ಲಿಯೂ ಕಡಿಮೆಯಿಲ್ಲ. ಆ ಟವಲನ್ನು ಗಂಡಸರು ಬಿಸಿಲಿಗೆ ಹರವಿದರೆ ಯಾವ ಶೀಘ್ರ ಗುಂಡಿಯೂ ಬೇಡ!

ಅಂದಹಾಗೆ, ಇಷ್ಟೆಲ್ಲ ಸ್ವಾತಂತ್ರ್ಯವನ್ನು ಯಾವ ಗುಂಡಿಯೂ ಇಲ್ಲದೆ ಕೊಡುವ ಯಂತ್ರವೊಂದು ಇನ್ನೂ ನಮ್ಮಲ್ಲಿ ಮಾರಾಟವಾಗುತ್ತಿದೆ. ಅದು ಎರಡು ತೊಟ್ಟಿಗಳ ಅರೆಸ್ವಯಂಚಾಲಿತ ಯಂತ್ರ. ಸ್ಥಿತಿವಂತರು ಅದನ್ನು ಹಳೆಯ ಕಾಲದ್ದೆಂದು ಕಡೆಗಣಿಸುವುದು ಅಷ್ಟು ಸರಿಯಲ್ಲ. ಒಂದು ತೊಟ್ಟಿಯಲ್ಲಿ ಒಗೆತ, ಇನ್ನೊಂದರಲ್ಲಿ ಹಿಂಡುವುದು. ಎರಡಕ್ಕೂ ತಿರುಗಿಸುವ ಬಿರಡೆಯೊಂದೊಂದು. ಐದು ನಿಮಿಷ ಬೇಕೆ, ಐದೇ ನಿಮಿಷ. ನೀರು ನಿಂತರೆ ಕೊಡದಿಂದ ಸುರಿಯಬಹುದು. ಮರೆತ ಕಾಲುಚೀಲವನ್ನು ನಡುವೆ ಹಾಕಬಹುದು. ಬಟ್ಟೆಯನ್ನು ಒಂದರಿಂದ ಇನ್ನೊಂದಕ್ಕೆ ಎತ್ತಿಹಾಕುವ ಶ್ರಮವುಂಟು, ಕೈ ಒದ್ದೆಯಾಗುತ್ತದೆ, ನಿಜ. ಆದರೆ 2024ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿ, ಕುಡಿಯುವ ನೀರಿನಿಂದ ವಾಹನ ತೊಳೆದವರಿಗೆ ಜಲಮಂಡಳಿ 5000 ರೂಪಾಯಿ ದಂಡವನ್ನು ವಿಧಿಸಿದಂಥ ದಿನಗಳಲ್ಲಿ ಇದರ ಬೆಲೆ ತಿಳಿಯುತ್ತದೆ. ಒಂದೇ ತೊಟ್ಟಿ ಸೋಪಿನ ನೀರಿನಲ್ಲಿ ಮೊದಲು ಬಿಳಿಯ ಪಂಚೆ, ಅಂಗಿಗಳು; ಅವು ಹಿಂಡುವ ತೊಟ್ಟಿಯಲ್ಲಿ ಸುತ್ತುತ್ತಿರುವಾಗಲೆ ಅದೇ ನೀರಿಗೆ ಬಣ್ಣದ ಬಟ್ಟೆಗಳು; ಅವೂ ಆದ ಮೇಲೆ ಕಾಲೊರಸುವ ಚಾಪೆ, ಮಸಿಬಟ್ಟೆಗಳು. ಕೊನೆಗೆ ಉಳಿದ ಕಂದು ನೀರನ್ನು ಕೊಳವೆಯಿಂದ ಬಕೆಟ್ಟಿಗೆ ಹಿಡಿದರೆ ಬಚ್ಚಲು ತೊಳೆಯಲು ಸಾಕು.