ಮೋಟಾರು ಗಾಡಿಯ ಗುಳುಗುಳು ಸದ್ದು

ಒಲೆಯ ಮೇಲಿಟ್ಟ ಹಾಲು ಉಕ್ಕುವುದಕ್ಕೆ ಮುಂಚೆಯೇ ಅದರ ಸದ್ದು ಅನುಭವಸ್ಥಳಾದ ಗೃಹಿಣಿಯ ಕಿವಿಗೆ ಬೀಳುವುದು. ಹಿತ್ತಿಲಿನಲ್ಲಿದ್ದರೂ ಆಕೆ ಓಡಿಬರುವಳು. ಮನೆಯ ಮೋಟಾರು ಗಾಡಿಯೂ ತನ್ನ ಕಷ್ಟವನ್ನು ಹೀಗೆಯೇ ಸದ್ದಿನಿಂದ ತಿಳಿಸುವುದುಂಟು. ಆದರೆ ಆ ಭಾಷೆಯನ್ನು ಕಲಿತ ಗೃಹಸ್ಥರು ವಿರಳ. ನಾವೂ ಕಲಿತಿರಲಿಲ್ಲ. ಕಲಿತುದು ಚಾರ್ಮಾಡಿ ಘಾಟಿಯ ಒಂದು ತಿರುವಿನಲ್ಲಿ.

ಅಂದು ನಾವು ಸಂಸಾರಸಮೇತರಾಗಿ ಉಜಿರೆಯಿಂದ ಕೊಟ್ಟಿಗೆಹಾರದ ಕಡೆಗೆ ಹೊರಟಿದ್ದೆವು. ಅದಕ್ಕೆ ಒಂದು ವಾರದ ಹಿಂದಿನಿಂದಲೂ, ಬೆಳಗ್ಗೆ ಗಾಡಿಯನ್ನು ಹೊರಡಿಸಿದಾಗಲೆಲ್ಲ ಮುಂಭಾಗದ ಹಲಗೆಯ ಹಿಂದೆ, ಹೂಜಿಯಿಂದ ನೀರು ಬಗ್ಗಿಸಿದಂತೆ ಗುಳುಗುಳು ಸದ್ದಾಗುತ್ತಿತ್ತು. ಹಳೆಯ ಗಾಡಿ, ಏನೋ ಗೊಣಗುತ್ತದೆಂದು ಅಲಕ್ಷ್ಯಮಾಡಿದ್ದೆವು. ಏರಿನ ನಡುವೆ ಉಷ್ಣಮಾಪಕದ ಮುಳ್ಳು ಕೆಂಪು ಗೆರೆಯನ್ನು ಮುಟ್ಟಿತು. ಗಾಡಿಯನ್ನು ಬದಿಗೆ ನಿಲ್ಲಿಸಿ ಮುಂಭಾಗವನ್ನು ತೆರೆದೆವು. ನಮ್ಮ ಮಗನು ನೀರಿನ ಶೀಸೆಯನ್ನು ಹಿಡಿದು ರೇಡಿಯೇಟರಿನ ಮುಚ್ಚಳಕ್ಕೆ ಕೈಹಾಕಿದನು. ಅಷ್ಟರಲ್ಲಿ ನಮ್ಮ ತಾಯಿಯವರು, “ಆವಿ ಇಳಿಯದೆ ಕುಕ್ಕರಿನ ಮುಚ್ಚಳ ತೆಗೆಯುತ್ತಾರೇನೋ? ಕೈ ತೆಗೆ!” ಎಂದು ಗದರಿದರು. ಯಂತ್ರದ ವಿಷಯವನ್ನೇನೂ ಅರಿಯದ ಅವರ ಆ ಒಂದು ಮಾತು ಹುಡುಗನ ಮುಖವನ್ನೂ ಕಣ್ಣನ್ನೂ ಉಳಿಸಿತು.

ಅವರ ಹೋಲಿಕೆ ಅಕ್ಷರಶಃ ನಿಜವಾದುದು. ಎಂಜಿನಿನ ಸುತ್ತಲೂ ಹರಿದು ಕಾದ ದ್ರವವು ಪಂಪಿನ ಬಲದಿಂದ ರೇಡಿಯೇಟರಿಗೆ ಬಂದು, ಗಾಳಿಗೆ ತಣಿದು, ಮರಳಿ ಹೋಗುವುದು. ಮುಚ್ಚಳವು ಒಳಗಿನ ಒತ್ತಡವನ್ನು ಹೊರಗಿನದರ ಸುಮಾರು ಎರಡರಷ್ಟಕ್ಕೆ ಹಿಡಿದಿಡುವುದರಿಂದ, 100 ಡಿಗ್ರಿಯಲ್ಲಿ ಕುದಿಯಬೇಕಾದ ನೀರು 120 ಡಿಗ್ರಿಯವರೆಗೂ ಕುದಿಯದೆ ಇರುವುದು. ಮುಚ್ಚಳವನ್ನು ತಿರುಗಿಸಿದೊಡನೆ ಅದೆಲ್ಲವೂ ಒಮ್ಮೆಗೇ ಕುದಿದು ಮೇಲಕ್ಕೆ ಚಿಮ್ಮುವುದು. ಮೊದಲಿನ ಗಾಡಿಗಳಲ್ಲಿ ಈ ಏರ್ಪಾಡಿರಲಿಲ್ಲ. 1888ರಲ್ಲಿ ಜರ್ಮನಿಯ ಬರ್ಥಾ ಬೆಂಜ್ ಎಂಬಾಕೆ, ಪತಿ ನಿರ್ಮಿಸಿದ ಗಾಡಿಯಲ್ಲಿ ಇಬ್ಬರು ಮಕ್ಕಳೊಡನೆ ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಹೋದಾಗ, ಎಂಜಿನಿನ ನೀರು ಆವಿಯಾಗಿ ಹಾರಿಹೋಗುತ್ತಿದ್ದುದರಿಂದ ದಾರಿಯುದ್ದಕ್ಕೂ ನೀರು ತುಂಬಿಸಿಕೊಳ್ಳಬೇಕಾಯಿತು.

ಇನ್ನು ಸದ್ದುಗಳ ಪರೀಕ್ಷೆ. ವೈದ್ಯನು ರೋಗಿಯನ್ನು ಕೇಳುವಂತೆ ಮೂರು ಪ್ರಶ್ನೆಗಳನ್ನು ಹಾಕಿಕೊಳ್ಳತಕ್ಕದ್ದು: ಸದ್ದು ಎಂತಹುದು, ಎಲ್ಲಿಂದ ಬರುವುದು, ಯಾವ ಹೊತ್ತಿನಲ್ಲಿ ಕೇಳುವುದು?

ಹಲಗೆಯ ಹಿಂದಿನ ಗುಳುಗುಳು ಸದ್ದು, ಗಾಡಿಯ ಒಳಭಾಗವನ್ನು ಬೆಚ್ಚಗಿಡುವ ಕೊಳವೆಗಳಲ್ಲಿ ಗಾಳಿ ಸೇರಿರುವುದರ ಗುರುತು. ರಿಪೇರಿಯಾದ ಮೇಲೆ ಗಾಳಿಯನ್ನು ಪೂರ್ತಿಯಾಗಿ ಹೊರಡಿಸದೆ ಬಿಟ್ಟಿರಬಹುದು. ಇಲ್ಲವೆ ದ್ರವವು ಎಲ್ಲಿಯೋ ಸೋರಿ ಕಡಮೆಯಾಗಿರಬಹುದು. ಹೊರಗೆ ಸೋರಿಕೆಯೇ ಕಾಣದೆ ಮಟ್ಟವು ಪದೇಪದೇ ಇಳಿಯುತ್ತಿದ್ದು, ಎಂಜಿನು ನಡೆಯುವಾಗ ತೊಟ್ಟಿಯಲ್ಲಿ ಗುಳ್ಳೆಗಳು ಎಡೆಬಿಡದೆ ಏಳುತ್ತಿದ್ದು, ಹೊಗೆಕೊಳವೆಯಿಂದ ಸಿಹಿವಾಸನೆಯ ಬಿಳಿಯ ಹೊಗೆ ಬರುತ್ತಿದ್ದರೆ, ಎಂಜಿನಿನ ತಲೆಯ ಗ್ಯಾಸ್ಕೆಟ್ಟು ಕೆಟ್ಟಿರುವ ಸಂದೇಹವುಂಟು. ಅಂತಹ ಗಾಡಿಯನ್ನು ಓಡಿಸಲಾಗದು.

ತಣ್ಣಗಿರುವ ಎಂಜಿನು ಹೊರಟೊಡನೆ ಕಿರ್ರೆಂದು ಕೀರಲಿಟ್ಟರೆ ಬೆಲ್ಟು ಸಡಿಲವಾಗಿದೆ ಅಥವಾ ಸವೆದಿದೆ. ಎಂಜಿನಿನ ವೇಗ ಹೆಚ್ಚಿದಂತೆ ಬೀಸುವ ಕಲ್ಲಿನಂತೆ ಗರಗರ ಸದ್ದೂ ಹೆಚ್ಚಿದರೆ ಪಂಪಿನ ಬೇರಿಂಗನ್ನು ನೋಡಿಸತಕ್ಕದ್ದು. ಪಂಪಿನ ಕೆಳಗೆ ಹನಿ ತೊಟ್ಟಿಕ್ಕುತ್ತಿದ್ದರೆ ಸಂದೇಹವು ಬಲವಾಗುವುದು. ಕಾದ ಮೇಲೆ ಬುಸ್ಸೆನ್ನುವ ಸದ್ದು ರಬ್ಬರು ಕೊಳವೆಯ ಬಿರುಕನ್ನೋ ಮುಚ್ಚಳದ ಸೋರಿಕೆಯನ್ನೋ ಹೇಳುವುದು. ತಣಿದ ಮೇಲೆ ಅಲ್ಲಿ ಒಣಗಿದ ಕಲೆಯನ್ನು ಹುಡುಕಬೇಕು. ಗಾಡಿಯನ್ನು ನಿಲ್ಲಿಸಿದ ಮೇಲೂ ವಿದ್ಯುತ್ ಫ್ಯಾನು ಸ್ವಲ್ಪ ಹೊತ್ತು ತಿರುಗುವುದು ಮಾತ್ರ ಅನೇಕ ಗಾಡಿಗಳಲ್ಲಿ ರೋಗವಲ್ಲ. ಅದು ನಿಂತಿದೆಯೆಂದು ಬೆರಳಿಡಬಾರದು. ತಾನಾಗಿಯೇ ಮತ್ತೆ ತಿರುಗೀತು.

ಮುಳ್ಳು ಕೆಂಪಿಗೆ ಏರಿದರೆ ಗಾಡಿಯನ್ನು ಸುರಕ್ಷಿತವಾದ ಎಡೆಯಲ್ಲಿ ನಿಲ್ಲಿಸಿ, ಎಂಜಿನನ್ನು ಆರಿಸಿ, ಪೂರ್ತಿ ತಣಿಯುವವರೆಗೂ ಕಾಯತಕ್ಕದ್ದು. ಕಾದ ಎಂಜಿನಿಗೆ ತಣ್ಣೀರನ್ನು ಸುರಿದರೆ ಲೋಹ ಬಿರಿಯಬಹುದು. ನೀರಿಗೆ ಬೆರಸುವ ಎಥಿಲೀನ್ ಗ್ಲೈಕಾಲ್ ಎಂಬ ದ್ರವವು ರುಚಿಗೆ ಸಿಹಿ, ಗುಣದಲ್ಲಿ ವಿಷ. ಅದನ್ನು ಮಕ್ಕಳಿಗೂ ನಾಯಿಬೆಕ್ಕುಗಳಿಗೂ ಎಟುಕದಂತೆ ಇಡಬೇಕು. ನೆಲಕ್ಕೆ ಚೆಲ್ಲಿದರೆ ಒಡನೆಯೇ ತೊಳೆಯಬೇಕು.

ನಮ್ಮ ಗಾಡಿಯ ರೋಗವಾದರೋ ಅತಿ ಸಣ್ಣದು. ಒಂದು ಗಂಟೆಗೂ ಹೆಚ್ಚು ಕಾದು, ಮುಚ್ಚಳವು ತಣ್ಣಗಾದ ಮೇಲೆ ನೀರು ತುಂಬಿ, ಮೆಲ್ಲನೆ ಕೊಟ್ಟಿಗೆಹಾರವನ್ನು ಸೇರಿದೆವು. ರಬ್ಬರು ಕೊಳವೆಯೊಂದರ ಬಿಗಿಪಟ್ಟಿ ಸಡಿಲವಾಗಿ ದಿನವೂ ಇಷ್ಟಿಷ್ಟೇ ಸೋರುತ್ತಿತ್ತು; ಅಲ್ಲಿನ ಕೆಲಸಗಾರನು ತಿರುಪನ್ನು ನಾಲ್ಕು ಸುತ್ತು ಬಿಗಿದನು, ಅಷ್ಟೆ. ಒಂದು ವಾರದ ಹಿಂದೆಯೇ ಮಟ್ಟವನ್ನು ನೋಡಿದ್ದರೆ ಘಾಟಿಯಲ್ಲಿ ಆ ಭಯವನ್ನು ಪಡಬೇಕಾಗುತ್ತಿರಲಿಲ್ಲ.

ಈಗ ಪ್ರತಿ ಭಾನುವಾರ ಬೆಳಗ್ಗೆ, ಗಾಡಿಯನ್ನು ಹೊರಡಿಸುವ ಮೊದಲು, ಮಗನು ತೊಟ್ಟಿಯ ಎರಡು ಗೆರೆಗಳ ನಡುವೆ ದ್ರವವಿದೆಯೇ ಎಂದು ನೋಡುವನು. ಜಗಲಿಯಲ್ಲಿ ಕುಳಿತ ನಮ್ಮ ತಾಯಿಯವರು ಒಂದು ವಾರವೂ ತಪ್ಪದೆ ಕೇಳುವರು: “ತಣ್ಣಗಿದೆಯೇನೋ?”